ಏಳೂವರೆ ಸಾವಿರ ಕ್ಯಾನ್ ನೀರು ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಆರನೇ ತರಗತಿಯಲ್ಲಿ ಓದುತ್ತಿದ್ದಾಳೆ. ಒಂದು ಲೀಟರ್ ಎಂದರೆ 1,000 ಮಿಲಿಲೀಟರ್ ಎಂಬುದು ಅವಳಿಗೆ ಬಾಯಿಪಾಠವಾಗಿದೆ. ಆದರೆ ವಾಕ್ಯರೂಪದ ಲೆಕ್ಕ ಬಂದರೆ ಗುಣಿಸಬೇಕೋ ಭಾಗಿಸಬೇಕೋ ತಿಳಿಯದೆ ತಡವರಿಸುತ್ತಾಳೆ. ‘ಬೇಸಿಗೆಯ ಅರವಟ್ಟಿಗೆಯಲ್ಲಿ ದಿನಕ್ಕೆ 600 ಜನ ತಲಾ 250 ಮಿ.ಲೀ. ನೀರು ಕುಡಿದರೆ, 20 ಲೀಟರಿನ ಎಷ್ಟು ಕ್ಯಾನ್ ಬೇಕು?’ ಎಂಬ ಲೆಕ್ಕಕ್ಕೆ ಮೊನ್ನೆ 7,500 ಕ್ಯಾನ್ ಎಂದು ಬರೆದಿದ್ದಳು. ನಮ್ಮ ಮನೆಯವರಿಗೂ ಸಂಪಿನ ಅಡಿ ಲೆಕ್ಕವನ್ನು ಲೀಟರಿಗೆ ತರುವಾಗ, ಗದ್ದೆಗೆ ಔಷಧಿ ಬೆರೆಸುವಾಗ ಇದೇ ಗೊಂದಲ. ಇದನ್ನು ಹೇಗೆ ಬಿಡಿಸಿ ಹೇಳಬೇಕು?
– ಸಿಂಧನೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಮಗಳು ಬರೆದ 7,500ನ್ನು ತಪ್ಪು ಎಂದು ಗೀಟು ಎಳೆಯುವ ಮೊದಲು ಅದು ಹೇಗೆ ಬಂತು ಎಂಬುದನ್ನು ನೋಡೋಣ. 600ನ್ನು 250ರಿಂದ ಗುಣಿಸಿ 1,50,000 ತಂದಿದ್ದಾಳೆ. ಅದನ್ನು 20ರಿಂದ ಭಾಗಿಸಿ 7,500 ತಂದಿದ್ದಾಳೆ. ಗುಣಾಕಾರ ಸರಿ, ಭಾಗಾಕಾರ ಸರಿ, ಯಾವುದನ್ನು ಮೊದಲು ಮಾಡಬೇಕು ಎಂಬ ತಿಳಿವಳಿಕೆಯೂ ಸರಿ. ಅವಳು ಬಿಟ್ಟದ್ದು ಒಂದೇ: 1,50,000ದ ಪಕ್ಕದಲ್ಲಿ ‘ಮಿ.ಲೀ.’ ಎಂದು ಬರೆಯಲಿಲ್ಲ, 20ರ ಪಕ್ಕದಲ್ಲಿ ‘ಲೀಟರ್’ ಎಂದು ಬರೆಯಲಿಲ್ಲ. ಬರೆದಿದ್ದರೆ ಎರಡೂ ಒಂದೇ ಜಾತಿಯ ಸಂಖ್ಯೆಗಳಲ್ಲ ಎಂಬುದು ಅವಳ ಕಣ್ಣಿಗೇ ಬೀಳುತ್ತಿತ್ತು. 1,50,000 ಮಿ.ಲೀ. ಎಂದರೆ 150 ಲೀಟರ್. 150ನ್ನು 20ರಿಂದ ಭಾಗಿಸಿದರೆ ಏಳೂವರೆ. ಆದ್ದರಿಂದ ಎಂಟು ಕ್ಯಾನ್. ಗಂಗಾವತಿ ಕಡೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ನನ್ನ ಅನುಭವದಲ್ಲಿ, ಈ ಬಗೆಯ ಲೆಕ್ಕದಲ್ಲಿ ಸೋತ ಮಕ್ಕಳ ಪೈಕಿ ಹೆಚ್ಚಿನವರಿಗೆ ಮಗ್ಗಿ ಚೆನ್ನಾಗಿಯೇ ಬರುತ್ತಿತ್ತು. ಲೆಕ್ಕದ ನಡುವೆ ಏಕಮಾನವನ್ನು ಕೈಬಿಟ್ಟು, ಕೊನೆಯಲ್ಲಿ ನೆನಪಾದದ್ದನ್ನು ಅಂಟಿಸುವುದೇ ಅವರ ತೊಂದರೆಯಾಗಿತ್ತು.

ಆದ್ದರಿಂದ ಮೊದಲ ಅಭ್ಯಾಸ ಹೀಗಿರಲಿ. ಲೆಕ್ಕವನ್ನು ಓದಿದ ಕೂಡಲೇ, ಯಾವುದನ್ನೂ ಗುಣಿಸದೆ, ಭಾಗಿಸದೆ, ಅದರಲ್ಲಿರುವ ಪ್ರತಿ ಅಳತೆಯನ್ನೂ ಏಕಮಾನದ ಸಮೇತ ಒಂದರ ಕೆಳಗೊಂದು ಬರೆಯಬೇಕು. ಉತ್ತರ ಯಾವ ಏಕಮಾನದಲ್ಲಿ ಬೇಕು ಎಂದು ಕೇಳಿಕೊಂಡು, ಎಲ್ಲವನ್ನೂ ಆ ಒಂದಕ್ಕೇ ಆರಂಭದಲ್ಲಿಯೇ ತಂದುಬಿಡಬೇಕು. ನಡುವೆ ಬದಲಿಸುತ್ತೇನೆ, ಕೊನೆಯಲ್ಲಿ ಬದಲಿಸುತ್ತೇನೆ ಎಂದು ಮುಂದೂಡಿದ ಮಗು ಹತ್ತರಲ್ಲಿ ಐದು ಸಲ ಮರೆಯುತ್ತದೆ. ಅರವಟ್ಟಿಗೆಯ ಲೆಕ್ಕದಲ್ಲಿ 250 ಮಿ.ಲೀ. ಎಂಬುದನ್ನು ಮೊದಲೇ ಕಾಲು ಲೀಟರ್ ಎಂದು ಬರೆದುಕೊಂಡಿದ್ದರೆ, 600 ಜನಕ್ಕೆ 150 ಲೀಟರ್ ಎಂದು ಬಾಯಿಯಲ್ಲಿಯೇ ಹೇಳಬಹುದಿತ್ತು. ನಮ್ಮ ಮಾತಿನಲ್ಲಿ ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ ಎಂಬ ಪದಗಳು ಇಷ್ಟು ಸಲೀಸಾಗಿ ಓಡಾಡುತ್ತಿರುವಾಗ, ಅವುಗಳನ್ನು 250, 500, 750, 1,250, 1,500 ಮಿ.ಲೀ.ಗಳ ಜೊತೆ ಜೋಡಿಸಿಕೊಡುವುದು ಮನೆಯಲ್ಲಿಯೇ ಆಗುವ ಕೆಲಸ.

ಇನ್ನು ಗುಣಿಸುವುದೋ ಭಾಗಿಸುವುದೋ ಎಂಬ ಪ್ರಶ್ನೆ. ಇದಕ್ಕೆ ಸೂತ್ರ ಕಂಠಪಾಠ ಮಾಡಿಸಬೇಡಿ. ನಳದಲ್ಲಿ ನೀರು ಬರುವ ದಿನ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಒಂದು ಕೊಡ, ಒಂದು ಚರಿಗೆ, ಒಂದು ಲೋಟ ಇಟ್ಟುಕೊಳ್ಳಿ. ನಿಮ್ಮ ಕೊಡ 15 ಲೀಟರ್, ಚರಿಗೆ ಒಂದೂಕಾಲು ಲೀಟರ್, ಲೋಟ ಕಾಲು ಲೀಟರ್ ಹಿಡಿಯುತ್ತವೆ ಎಂದುಕೊಳ್ಳೋಣ. ಕೊಡದಿಂದ ಅಳೆದಾಗ ‘ಒಂದು’ ಎಂದ ನೀರೇ ಚರಿಗೆಯಿಂದ ಅಳೆದಾಗ ‘ಹನ್ನೆರಡು’ ಆಗುತ್ತದೆ, ಲೋಟದಿಂದ ಅಳೆದಾಗ ‘ಅರವತ್ತು’ ಆಗುತ್ತದೆ. ನೀರು ಒಂದು ಹನಿಯೂ ಹೆಚ್ಚಲಿಲ್ಲ; ಅಳೆಯುವ ಪಾತ್ರೆ ಚಿಕ್ಕದಾಯಿತು, ಎಣಿಕೆ ಬೆಳೆಯಿತು. ಮಗು ತನ್ನ ಕೈಯಿಂದಲೇ ಅರವತ್ತು ಲೋಟ ಎಣಿಸಬೇಕು, ನಾವು ಬಾಯಲ್ಲಿ ಹೇಳಿ ಮುಗಿಸಬಾರದು. ನಲವತ್ತರ ಹೊತ್ತಿಗೆ ಅವಳಿಗೆ ಬೇಸರ ಬರುತ್ತದೆ. ಚಿಕ್ಕ ಏಕಮಾನಕ್ಕೆ ಇಳಿದರೆ ಎಣಿಕೆ ಎಷ್ಟು ಉದ್ದವಾಗುತ್ತದೆ ಎಂಬುದು ಆ ಬೇಸರದಲ್ಲಿಯೇ ಮನಸ್ಸಿಗೆ ಇಳಿಯುತ್ತದೆ. ಮಿಲಿಲೀಟರ್ ಎಂಬುದು ಲೀಟರಿನ ಸಾವಿರದಲ್ಲೊಂದು ಪಾಲಿನ ಪುಟ್ಟ ಪಾತ್ರೆ. ಲೀಟರಿನಿಂದ ಅದಕ್ಕೆ ಇಳಿದಾಗ ಸಂಖ್ಯೆ ಸಾವಿರ ಪಟ್ಟು ಬೆಳೆಯಬೇಕು, ಅದರಿಂದ ಲೀಟರಿಗೆ ಏರಿದಾಗ ಸಾವಿರದಲ್ಲೊಂದು ಪಾಲಿಗೆ ಕುಗ್ಗಬೇಕು. ಪಾತ್ರೆ ದೊಡ್ಡದಾಯಿತೇ, ಚಿಕ್ಕದಾಯಿತೇ ಎಂದು ಕೇಳಿಕೊಂಡರೆ ಗುಣಾಕಾರ ಭಾಗಾಕಾರಗಳು ತಾವಾಗಿಯೇ ತೀರ್ಮಾನವಾಗುತ್ತವೆ.

ಶಾಲೆಯಲ್ಲಿ ಕಿಲೋ, ಹೆಕ್ಟೋ, ಡೆಕಾ, ಡೆಸಿ, ಸೆಂಟಿ, ಮಿಲಿ ಎಂಬ ಮೆಟ್ಟಿಲುಗಳನ್ನು ಕಲಿಸುತ್ತಾರೆ. ಅದು ತಪ್ಪಲ್ಲ, ಆದರೆ ದ್ರವದ ವಿಷಯದಲ್ಲಿ ನಿತ್ಯ ಬಳಕೆಗೆ ಬರುವುದು ಮಿಲಿಲೀಟರ್, ಲೀಟರ್ ಮತ್ತು ನೀರಿನ ಮೀಟರಿನಲ್ಲಿ ಕಾಣುವ ಕಿಲೋಲೀಟರ್ ಮಾತ್ರ. ಆ ಮೂರರ ನಡುವೆ ಸಾವಿರ, ಸಾವಿರ ಎಂಬ ಎರಡೇ ಜಿಗಿತಗಳಿವೆ.

ಒಂದು ಸಣ್ಣ ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಜಾಣ ಮಕ್ಕಳೂ ಅದರಲ್ಲಿ ಬೀಳುತ್ತಾರೆ. 2 ಲೀಟರ್ 75 ಮಿ.ಲೀ. ಎಂಬುದನ್ನು 275 ಮಿ.ಲೀ. ಎಂದೋ, 2.75 ಲೀಟರ್ ಎಂದೋ ಬರೆಯುತ್ತಾರೆ. ಅದು 2,075 ಮಿ.ಲೀ., ಅಂದರೆ 2.075 ಲೀಟರ್. ಬಿಂದುವಿನ ಬಲಗಡೆ ಮಿಲಿಲೀಟರಿಗೆ ಮೂರು ಮನೆಗಳಿವೆ, ಖಾಲಿ ಉಳಿದ ಮನೆಗೆ ಸೊನ್ನೆ ಬೀಳಬೇಕು. ಹಾಗೆಯೇ 2.5 ಲೀಟರ್ ಎಂದರೆ ಎರಡು ಲೀಟರ್ ಐದು ಮಿ.ಲೀ. ಅಲ್ಲ, ಎರಡೂವರೆ ಲೀಟರ್. ಹಾಲಿನ ಲೆಕ್ಕ ಬರೆಯುವ ಪುಸ್ತಕವನ್ನು ಒಂದು ತಿಂಗಳು ಮಗಳ ಕೈಗೆ ಕೊಟ್ಟರೆ ಈ ತಪ್ಪು ಉಳಿಯುವುದಿಲ್ಲ.

ನಿಮ್ಮ ಮನೆಯವರ ಸಂಪಿನ ಗೊಂದಲ ಸ್ವಲ್ಪ ಬೇರೆ ಬಗೆಯದು, ಅದನ್ನು ನಿಧಾನವಾಗಿ ನೋಡಬೇಕು. ಅಡಿ ಎಂಬುದು ಉದ್ದದ ಏಕಮಾನ, ಲೀಟರ್ ಎಂಬುದು ಗಾತ್ರದ ಏಕಮಾನ. ಒಂದರಿಂದ ಇನ್ನೊಂದಕ್ಕೆ ನೇರ ದಾರಿ ಇಲ್ಲ. ನಡುವೆ ಘನ ಅಡಿ ಅಥವಾ ಘನ ಮೀಟರ್ ಎಂಬ ಹೊಸ್ತಿಲನ್ನು ದಾಟಲೇಬೇಕು. ಒಳಗಿನ ಅಳತೆ 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ ಇರುವ ಸಂಪನ್ನು ತೆಗೆದುಕೊಳ್ಳಿ. ಮೂರನ್ನೂ ಗುಣಿಸಿದರೆ 240 ಘನ ಅಡಿ. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ಮುಂದೆ, ಒಂದು ಮೀಟರಿಗೆ 3.28 ಅಡಿ ಎಂಬುದನ್ನು ನೆನಪಿಸಿಕೊಂಡು 240ನ್ನು 3.28ರಿಂದ ಭಾಗಿಸಿ 73 ಘನ ಮೀಟರ್, ಅಂದರೆ 73,000 ಲೀಟರ್ ಎಂದು ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಒಂದು ಘನ ಮೀಟರ್ ಎಂದರೆ ಉದ್ದಕ್ಕೂ 3.28 ಅಡಿ, ಅಗಲಕ್ಕೂ 3.28 ಅಡಿ, ಎತ್ತರಕ್ಕೂ 3.28 ಅಡಿ ಇರುವ ಪೆಟ್ಟಿಗೆ. ಮೂರು ಸಲ ಗುಣಿಸಿದಾಗ ಅದರಲ್ಲಿ ಸುಮಾರು 35.3 ಘನ ಅಡಿ ಹಿಡಿಯುತ್ತದೆ. ಆದ್ದರಿಂದ 240ನ್ನು 35.3ರಿಂದ ಭಾಗಿಸಬೇಕು: 6.8 ಘನ ಮೀಟರ್, ಅಂದರೆ ಸುಮಾರು 6,800 ಲೀಟರ್. ಒಂದು ಘನ ಅಡಿಗೆ 28.3 ಲೀಟರ್ ಎಂಬ ಒಂದೇ ಅಂಕಿಯನ್ನು ನೆನಪಿಟ್ಟುಕೊಂಡು 240ನ್ನು ಅದರಿಂದ ಗುಣಿಸಿದರೂ ಇದೇ ಉತ್ತರ ಬರುತ್ತದೆ. ಎರಡು ದಾರಿಯಿಂದಲೂ ಮಾಡಿ ನೋಡುವುದು ಒಳ್ಳೆಯದು.

ಘನ ಮೀಟರಿಗೆ ಸರಿಯಾಗಿ 1,000 ಲೀಟರ್ ಏಕೆ ಎಂದು ಮಗಳು ಕೇಳಿದರೆ, ಹಳೆಯ ರಟ್ಟಿನಿಂದ 10 ಸೆಂ.ಮೀ. ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಡಬ್ಬಿಯೊಂದನ್ನು ಮಾಡಿಸಿ. ಅದರೊಳಗೆ ಪ್ಲಾಸ್ಟಿಕ್ ಚೀಲವಿಟ್ಟು ಒಂದು ಲೀಟರ್ ಬಾಟಲಿಯ ನೀರು ಸುರಿದರೆ ಅಂಚಿನವರೆಗೆ ಬಂದು ನಿಲ್ಲುತ್ತದೆ. ಅಂಥ ಡಬ್ಬಿಗಳನ್ನು ಒಂದು ಮೀಟರ್ ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು, ಎತ್ತರಕ್ಕೆ ಹತ್ತು ಜೋಡಿಸಿದರೆ ಸಾವಿರ. ಇದೇ ಚಿತ್ರ ಮಳೆಯ ಲೆಕ್ಕಕ್ಕೂ ಬೆಳಕು ಕೊಡುತ್ತದೆ: ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ನಿಂತರೆ ಅದು ಒಂದು ಲೀಟರ್. ಮೂವತ್ತು ನಲವತ್ತರ ನಿವೇಶನ ತುಂಬ ಕಟ್ಟಿದ ಮಾಳಿಗೆ ಸುಮಾರು 111 ಚದರ ಮೀಟರ್ ಆಗುತ್ತದೆ. ಅದರ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 1,100 ಲೀಟರ್ ನೀರು ಹರಿದು ಹೋಗುತ್ತದೆ.

ಗದ್ದೆಗೆ ಔಷಧಿ ಬೆರೆಸುವ ಲೆಕ್ಕದಲ್ಲಿ ತಪ್ಪಿದರೆ ಬೆಳೆಗೂ ಕೆಡುಕು, ಹೊಡೆಯುವವರ ಮೈಗೂ ಕೆಡುಕು. ಆದ್ದರಿಂದ ಅದನ್ನು ಬಿಡಿಸಿ ಬರೆಯುತ್ತೇನೆ. ಚೀಟಿಯಲ್ಲಿ ‘ಹೆಕ್ಟೇರಿಗೆ 1,000 ಮಿ.ಲೀ., 500 ಲೀಟರ್ ನೀರಿನಲ್ಲಿ’ ಎಂದು ಇದೆ ಎಂದುಕೊಳ್ಳಿ. ನಮ್ಮ ರೈತರು ಎಕರೆಯಲ್ಲಿ ಯೋಚಿಸುತ್ತಾರೆ, ಬೆನ್ನಿಗೆ ಕಟ್ಟುವ ಪಂಪು 16 ಲೀಟರಿನದು, ಔಷಧಿ ಅಳೆಯುವುದು ಮುಚ್ಚಳದ ಮಿ.ಲೀ. ಗುರುತಿನಲ್ಲಿ. ಒಂದೇ ಲೆಕ್ಕದಲ್ಲಿ ನಾಲ್ಕು ಅಳತೆಗಳು ಸೇರಿಕೊಂಡಾಗ ತಲೆ ಕೆಡುವುದು ಸಹಜ. ಆದರೆ 1,000ವನ್ನು 500ರಿಂದ ಭಾಗಿಸಿದಾಗ ಬರುವ ‘ಲೀಟರಿಗೆ 2 ಮಿ.ಲೀ.’ ಎಂಬ ಪ್ರಮಾಣ ಹೆಕ್ಟೇರಿಗೂ ಅದೇ, ಎಕರೆಗೂ ಅದೇ, ಒಂದು ಪಂಪಿಗೂ ಅದೇ. ನೆಲದ ಅಳತೆಯನ್ನು ಮುಟ್ಟದೆಯೇ 16 ಲೀಟರಿಗೆ 32 ಮಿ.ಲೀ. ಎಂದು ಹೇಳಬಹುದು. ಎಕರೆಗೆ ಎಷ್ಟು ಪಂಪು ಎಂಬುದಕ್ಕೆ ಮಾತ್ರ ನೆಲದ ಲೆಕ್ಕ ಬೇಕು: ಹೆಕ್ಟೇರಿಗೆ 2.47 ಎಕರೆ, ಹೀಗಾಗಿ ಎಕರೆಗೆ ಸುಮಾರು 200 ಲೀಟರ್, ಅದನ್ನು 16ರಿಂದ ಭಾಗಿಸಿದರೆ ಹನ್ನೆರಡೂವರೆ ಪಂಪು. ತಾಳೆ ನೋಡಲು ಹನ್ನೆರಡೂವರೆಯನ್ನು 32ರಿಂದ ಗುಣಿಸಿ, 400 ಮಿ.ಲೀ. ಬರಬೇಕು, ಎಕರೆಗೆ ಬೇಕಾದ ಔಷಧಿ ಅಷ್ಟೇ. ಇವು ಲೆಕ್ಕಕ್ಕಾಗಿ ತೆಗೆದುಕೊಂಡ ಅಂಕಿಗಳು. ನಿಮ್ಮ ಕೈಯಲ್ಲಿರುವ ಬಾಟಲಿಯ ಚೀಟಿಯಲ್ಲಿ ಏನಿದೆಯೋ ಅದನ್ನೇ ಹಿಡಿದು ಲೆಕ್ಕ ಮಾಡಬೇಕು.

ಕೊನೆಯ ಆ ಅರ್ಧ ಪಂಪಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಅರವಟ್ಟಿಗೆಯಲ್ಲಿ ಏಳೂವರೆ ಕ್ಯಾನ್ ಬಂದಾಗ ಎಂಟು ಎಂದೆವು, ಏಕೆಂದರೆ ಅಂಗಡಿಯಲ್ಲಿ ಅರ್ಧ ಕ್ಯಾನ್ ಕೊಡುವುದಿಲ್ಲ, ಕೊನೆಯಲ್ಲಿ ಬಂದವರು ಬಾಯಾರಿ ಹೋಗಬಾರದು. ಇಲ್ಲಿ ಹನ್ನೆರಡೂವರೆ ಬಂತು ಎಂದು ಹದಿಮೂರು ಪಂಪು ಔಷಧಿ ಬೆರೆಸಬಾರದು; 8 ಲೀಟರ್ ನೀರಿಗೆ 16 ಮಿ.ಲೀ. ಹಾಕಿ ಮುಗಿಸಬೇಕು. ಅದೇ, 60 ಮಿ.ಲೀ. ಸಿರಪ್ ಬಾಟಲಿಯಿಂದ ಮಗುವಿಗೆ ದಿನಕ್ಕೆ ಮೂರು ಸಲ 2.5 ಮಿ.ಲೀ. ಕೊಟ್ಟರೆ ದಿನಕ್ಕೆ 7.5 ಮಿ.ಲೀ. ಆಗಿ ಎಂಟು ದಿನಕ್ಕೆ ಸರಿಯಾಗಿ ಮುಗಿಯುತ್ತದೆ. ವೈದ್ಯರು ಹತ್ತು ದಿನ ಎಂದಿದ್ದರೆ 75 ಮಿ.ಲೀ. ಬೇಕು, ಎರಡನೇ ಬಾಟಲಿ ತರಲೇಬೇಕು. ಶೇಷ ಉಳಿದಾಗ ಮೇಲಕ್ಕೆ ಸರಿಸುವುದೋ, ಕೆಳಕ್ಕೆ ಸರಿಸುವುದೋ, ಹಾಗೆಯೇ ಇಡುವುದೋ ಎಂಬುದನ್ನು ಅಂಕಿ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ. ಪಠ್ಯದ ಲೆಕ್ಕಗಳಲ್ಲಿ ಇದಕ್ಕೆ ಕೊಡುವ ಜಾಗ ಕಡಿಮೆ ಎಂಬುದು ನನ್ನ ಬಹುಕಾಲದ ಕೊರಗು.

ಔಷಧಿಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಚಮಚ ಎಂದರೆ 5 ಮಿ.ಲೀ. ಎಂದು ವೈದ್ಯರ ಲೆಕ್ಕ. ನಮ್ಮ ಅಡುಗೆಮನೆಯ ಚಮಚವನ್ನು ನಾನೊಮ್ಮೆ ಸಿರಿಂಜಿನಿಂದ ಅಳೆದು ನೋಡಿದಾಗ ಅದು ಅಂಚಿನವರೆಗೆ 8 ಮಿ.ಲೀ. ಹಿಡಿಯಿತು. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು. ಮಿಲಿಗ್ರಾಂ ಮತ್ತು ಮಿಲಿಲೀಟರ್ ಒಂದೇ ಎಂದು ತಿಳಿಯುವುದು ಇನ್ನೂ ಅಪಾಯ. ಜ್ವರದ ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಮಿ.ಗ್ರಾಂ ಇರುವುದೂ ಸಿಗುತ್ತದೆ. ವೈದ್ಯರು ಹೇಳಿದ್ದು 125 ಮಿ.ಗ್ರಾಂ ಆದರೆ ಮೊದಲನೆಯದರಲ್ಲಿ 5 ಮಿ.ಲೀ., ಎರಡನೆಯದರಲ್ಲಿ 2.5 ಮಿ.ಲೀ. ಮಾತ್ರ. ಬಾಟಲಿ ಬದಲಾದಾಗ ಔಷಧಿ ಅಂಗಡಿಯವರನ್ನು ಕೇಳದೆ ಹಳೆಯ ಗುರುತಿಗೇ ಸುರಿಯಬಾರದು.

ತೂಕ ಮತ್ತು ಗಾತ್ರದ ಈ ಬೆರಕೆಗೆ ಒಂದು ಹಿನ್ನೆಲೆಯೂ ಇದೆ. 1901ರಿಂದ 1964ರವರೆಗೆ ಲೀಟರ್ ಎಂಬುದರ ವ್ಯಾಖ್ಯೆಯೇ ಒಂದು ಕಿಲೋಗ್ರಾಂ ಶುದ್ಧ ನೀರು ಹಿಡಿಯುವ ಜಾಗ ಎಂದಾಗಿತ್ತು. 1964ರಲ್ಲಿ ಅದನ್ನು ಬಿಟ್ಟು 1,000 ಘನ ಸೆಂ.ಮೀ. ಎಂದು ಸ್ಥಿರಗೊಳಿಸಿದರು. ನೀರಿಗೆ ‘ಲೀಟರ್ ಅಂದರೆ ಕಿಲೋ’ ಎಂಬುದು ಇಂದಿಗೂ ನಡೆಯುತ್ತದೆ, ಬೇರೆ ದ್ರವಕ್ಕೆ ನಡೆಯುವುದಿಲ್ಲ. ಹಾಲು ಲೀಟರಿಗೆ ಸುಮಾರು 1,030 ಗ್ರಾಂ ತೂಗುತ್ತದೆ. ಸೂರ್ಯಕಾಂತಿ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ಮಗಳಿಗೆ ತೋರಿಸಿ. ಮದುವೆಗೆಂದು ಎಣ್ಣೆ ಡಬ್ಬಿ ತರುವಾಗ 15 ಲೀಟರಿನ ಡಬ್ಬಿಯೋ, 15 ಕಿಲೋದ ಡಬ್ಬಿಯೋ ಎಂದು ಓದಬೇಕು: ಮೊದಲನೆಯದರಲ್ಲಿ ಇರುವುದು 13.65 ಕಿಲೋ, ಎರಡನೆಯದರಲ್ಲಿ ಸುಮಾರು ಹದಿನಾರೂವರೆ ಲೀಟರ್. ಎರಡರ ನಡುವೆ ಸುಮಾರು ಒಂದೂವರೆ ಲೀಟರ್ ಎಣ್ಣೆಯ ವ್ಯತ್ಯಾಸ.

ನಿಮ್ಮ ಊರಿನ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವುದರಿಂದ ಕ್ಯೂಸೆಕ್, ಟಿಎಂಸಿ ಎಂಬ ಪದಗಳು ಮಗಳ ಕಿವಿಗೂ ಬಿದ್ದಿರುತ್ತವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲಂತೂ ರಾಯಚೂರು, ಕೊಪ್ಪಳ, ಬಳ್ಳಾರಿಯ ಚಹಾ ಅಂಗಡಿಗಳಲ್ಲೂ ಅದೇ ಲೆಕ್ಕ ನಡೆದಿತ್ತು. ಟಿಎಂಸಿ ಎಂಬುದು ನಿಂತ ನೀರಿನ ಗಾತ್ರ: ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಸಂಪಿಗೆ ಬಳಸಿದ ಅದೇ 28.3ರಿಂದ ಗುಣಿಸಿದರೆ ಸುಮಾರು 2,830 ಕೋಟಿ ಲೀಟರ್. ಕ್ಯೂಸೆಕ್ ಎಂಬುದು ಹರಿವಿನ ವೇಗ: ಸೆಕೆಂಡಿಗೆ ಒಂದು ಘನ ಅಡಿ. ಇಷ್ಟು ಕ್ಯೂಸೆಕ್ ಎಂದರೆ ಎಷ್ಟು ಟಿಎಂಸಿ ಎಂದು ಕೇಳಿದರೆ ‘ಎಷ್ಟು ಹೊತ್ತು ಹರಿಯಿತು?’ ಎಂದು ಮರುಪ್ರಶ್ನೆ ಹಾಕಬೇಕು, ಇಲ್ಲವಾದರೆ ಉತ್ತರವೇ ಇಲ್ಲ. ದಿನಕ್ಕೆ 86,400 ಸೆಕೆಂಡು. 10,000 ಕ್ಯೂಸೆಕ್ ಇಡೀ ದಿನ ಹರಿದರೆ 86.4 ಕೋಟಿ ಘನ ಅಡಿ, ಅಂದರೆ 0.864 ಟಿಎಂಸಿ. ದಿನಕ್ಕೆ ಪೂರ್ತಿ ಒಂದು ಟಿಎಂಸಿ ಆಗಬೇಕಾದರೆ ಸುಮಾರು 11,574 ಕ್ಯೂಸೆಕ್ ಬೇಕು.

ಕೊಳವೆಬಾವಿಗೆ ‘ಎರಡು ಇಂಚು ನೀರು ಬಿತ್ತು’ ಎನ್ನುವ ಮಾತೂ ಹರಿವಿನದೇ. ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ಎಷ್ಟು ಎತ್ತರಕ್ಕೆ ನೀರು ಹರಿಯುತ್ತದೆ ಎಂಬುದನ್ನು ಇಂಚಿನಲ್ಲಿ ಹೇಳುತ್ತಾರೆ. ಆ ಕಚ್ಚು 90 ಡಿಗ್ರಿ ಕೋನದ್ದಾದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ ಸುಮಾರು 2,900 ಲೀಟರ್. ಎತ್ತರ ಹೆಚ್ಚಿದಂತೆ ಕಚ್ಚಿನ ಅಗಲವೂ ಹೆಚ್ಚುತ್ತದೆ, ನೀರಿನ ರಭಸವೂ ಹೆಚ್ಚುತ್ತದೆ. ಹಾಗಾಗಿ ಇಂಚು ಇಮ್ಮಡಿಯಾದರೆ ನೀರು ಐದೂವರೆ ಪಟ್ಟಿಗಿಂತ ಮೇಲಾಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿ ನಂಬಿ ದಾಳಿಂಬೆ ಹಚ್ಚುವವರು ಪಂಪು, ಪೈಪು ಕೊಳ್ಳುವ ಮೊದಲು ಇಂಚನ್ನು ಲೀಟರಿಗೆ ತಂದುಕೊಳ್ಳಬೇಕು.

ಇನ್ನು ಮಗಳಿಗೆ ಒಂದು ಲೆಕ್ಕ ಕೊಡಿ. ಮೇಲೆ ಹೇಳಿದ 8 ಅಡಿ, 6 ಅಡಿ, 5 ಅಡಿಯ ಸಂಪಿನಲ್ಲಿ ನೀರು ನಾಲ್ಕೂವರೆ ಅಡಿಯವರೆಗೆ ನಿಂತಿದೆ. ಮನೆಯಲ್ಲಿ ಐದು ಜನ, ತಲಾ ದಿನಕ್ಕೆ 100 ಲೀಟರ್ ಖರ್ಚು. ನಡುವೆ ನಳ ಬರದಿದ್ದರೆ ಎಷ್ಟು ಪೂರ್ತಿ ದಿನಗಳಿಗೆ ಈ ನೀರು ಸಾಕಾಗುತ್ತದೆ? ಅವಳು 12 ಎಂದರೆ ಸರಿಯಾಗಿದೆ. 13 ಎಂದರೆ ನೀರಿನ ಎತ್ತರವನ್ನು ಬಿಟ್ಟು ಸಂಪಿನ ಆಳವನ್ನು ಹಿಡಿದಿದ್ದಾಳೆ. 14 ಎಂದರೆ ಆಳವನ್ನೂ ಹಿಡಿದಿದ್ದಾಳೆ, ಸಂದರ್ಭ ನೋಡದೆ ಶೇಷವನ್ನು ಮೇಲಕ್ಕೂ ಸರಿಸಿದ್ದಾಳೆ. ನೂರರ ಮೇಲೆ ಹೋದರೆ 3.28ನ್ನು ಒಂದೇ ಸಲ ಬಳಸಿದ್ದಾಳೆ. ರಟ್ಟಿನ ಡಬ್ಬಿಯನ್ನು ಮತ್ತೆ ಕೈಗೆ ಕೊಡಿ.